ಗೆದ್ದ ಪುಸ್ತಕದ ಎರಡು ಪ್ರತಿ ಇತ್ತು

ನಾನು ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಲೈಬ್ರರಿಯೂ ನನ್ನದೇ ಜವಾಬ್ದಾರಿ. ಲೈಬ್ರರಿ ಅಂದರೆ ಆಫೀಸ್ ರೂಮಿನ ಮೂಲೆಯಲ್ಲಿರುವ ಒಂದು ಕಬ್ಬಿಣದ ಬೀರು, ಅಷ್ಟೇ. ಜುಲೈ ಮಳೆಯಲ್ಲಿ ವಾರಕ್ಕೆ ಎರಡು ಸಲ ಬಾಗಿಲು ತೆಗೆದಿಡದಿದ್ದರೆ ಪುಸ್ತಕಕ್ಕೆಲ್ಲ ಬೂಸ್ಟು ಹಿಡಿಯುತ್ತದೆ.

ಮಕ್ಕಳೇ ವೋಟು ಹಾಕಿ ಪುಸ್ತಕಕ್ಕೆ ಬಹುಮಾನ ಕೊಡುವ ಪದ್ಧತಿ ಹೊರದೇಶಗಳಲ್ಲಿದೆ ಎಂದು ಒಂದು ತರಬೇತಿಯಲ್ಲಿ ಕೇಳಿದೆ. ಇದು ಹಳೆಯ ಸಂಗತಿ. ಅಮೆರಿಕದ ಸಿಯಾಟಲ್‌ನಲ್ಲಿ ಪುಸ್ತಕದಂಗಡಿ ಇಟ್ಟಿದ್ದ ಹ್ಯಾರಿ ಹಾರ್ಟ್‌ಮನ್ ಎಂಬವರು 1940ರಲ್ಲೇ ಇಂಥದ್ದೊಂದು ಶುರು ಮಾಡಿದ್ದರು. ಕಾನ್ಸಾಸ್ ರಾಜ್ಯದಲ್ಲಿ 1952ರಿಂದ ಇದೆ. ಟೆಕ್ಸಾಸ್‌ನ ಬ್ಲೂಬಾನೆಟ್ ಪ್ರಶಸ್ತಿಗೆ ಪ್ರತಿ ವರ್ಷ 20 ಪುಸ್ತಕದ ಪಟ್ಟಿ ಮಾಡುತ್ತಾರೆ. ಮೂರರಿಂದ ಆರನೇ ಕ್ಲಾಸಿನ ಮಕ್ಕಳು ಅದರಲ್ಲಿ ಐದಾದರೂ ಓದಿರಬೇಕು. ಆಗ ಮಾತ್ರ ವೋಟು. ನಮ್ಮಲ್ಲಿ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ, ಆದರೆ ಅದನ್ನು ಆರಿಸುವವರು ದೊಡ್ಡವರು. ಓದುವವರು ಮಕ್ಕಳು, ಆರಿಸುವವರು ದೊಡ್ಡವರು ಯಾಕೆ ಎಂದು ನನಗೆ ಅನ್ನಿಸಿತು. ಆ ವರ್ಷವೇ ನಮ್ಮ ಶಾಲೆಯಲ್ಲಿ ಎಲೆಕ್ಷನ್ ಮಾಡೋಣ ಎಂದು ಹೊರಟೆ.

ಎಂಟು ಪುಸ್ತಕ ಆರಿಸಿದೆ. ಐದು ಓದಿದರೆ ವೋಟು. ಜನವರಿ ಕೊನೆಯಲ್ಲಿ ಮತದಾನ. ಕಾಫಿ ಗೋಣಿಚೀಲ ನೇತುಹಾಕಿ ಬೂತ್ ಮಾಡಿದೆವು. ಬೆರಳಿಗೆ ಮಾರ್ಕರ್ ಪೆನ್ನಿನ ಶಾಯಿ. ಎಚ್ಎಂ ಸಾರ್ ಚುನಾವಣಾಧಿಕಾರಿ. ಏಳನೇ ಕ್ಲಾಸಿನ ಇಬ್ಬರು ಪೋಲಿಂಗ್ ಏಜೆಂಟರು, ಅವರ ಗತ್ತು ಏನು ಹೇಳಲಿ! ವೋಟು ಹಾಕಿದವರು 41 ಮಕ್ಕಳು. ಗೆದ್ದ ಪುಸ್ತಕಕ್ಕೆ 19. ಫೋಟೋ ತೆಗೆದು ಸ್ಟೇಟಸ್ ಹಾಕಿದೆ. ಬಹಳ ಖುಷಿ.

ಮಾರ್ಚ್‌ನಲ್ಲಿ ವರದಿ ಬರೆಯಲು ಪುಸ್ತಕ ಕೊಟ್ಟ ರಿಜಿಸ್ಟರ್ ತೆಗೆದೆ. ಆಗ ಹೊಟ್ಟೆಯಲ್ಲಿ ಒಂಥರಾ ಆಯಿತು.

ಗೆದ್ದ ಪುಸ್ತಕದ ಎರಡು ಪ್ರತಿ ಇತ್ತು. ಉಳಿದ ಏಳಕ್ಕೂ ಒಂದೊಂದೇ. ಎರಡು ಪ್ರತಿಯದ್ದು 31 ಮಕ್ಕಳ ಕೈಗೆ ಹೋಗಿತ್ತು. ಕೊನೆಯ ಸ್ಥಾನದಲ್ಲಿದ್ದ ಪುಸ್ತಕಕ್ಕೆ ಎರಡೇ ವೋಟು ಬಿದ್ದಿತ್ತು, ಆದರೆ ಅದನ್ನು ಓದಿದವರೇ ಮೂವರು. ಮೂರನೆಯವನು ನವೆಂಬರ್-ಡಿಸೆಂಬರ್‌ನಲ್ಲಿ ಬರುವ ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಮನೆಗೆ ಒಯ್ದವನು ಮತದಾನದ ಹಿಂದಿನ ದಿನ ತಂದುಕೊಟ್ಟಿದ್ದ. ಮೂವರಲ್ಲಿ ಇಬ್ಬರು ಮೆಚ್ಚಿದ್ದಾರೆ ಅಂದರೆ ಲೆಕ್ಕದಲ್ಲಿ ಅದೇ ಗೆದ್ದಿದ್ದು, ಅಲ್ವಾ? ನಾನು ಎಣಿಸಿದ್ದು ಯಾವ ಪುಸ್ತಕ ಚೆನ್ನಾಗಿದೆ ಎಂದಲ್ಲ. ಯಾವುದು ಕೈಗೆ ಸಿಕ್ಕಿತು ಎಂದು.

ಇನ್ನೊಂದು ವಿಷಯವನ್ನೂ ಒಪ್ಪಿಕೊಳ್ಳಬೇಕು. ಗೆದ್ದ ಪುಸ್ತಕ ನನಗೂ ಇಷ್ಟ. ಕ್ಲಾಸಿನಲ್ಲಿ ಮೂರು ಸಲ ದನಿ ಬದಲಿಸಿ, ನಟಿಸಿ ಓದಿದ್ದೆ. ಉಳಿದವನ್ನು ಸುಮ್ನೆ ಮೇಜಿನ ಮೇಲೆ ಜೋಡಿಸಿಟ್ಟಿದ್ದೆ.

ರಿಜಿಸ್ಟರ್ ಜೊತೆ ಹಾಜರಿ ಪುಸ್ತಕವನ್ನೂ ಇಟ್ಟುಕೊಂಡು ಕೂತೆ. ಮತದಾನದ ದಿನ ಒಂಬತ್ತು ಮಕ್ಕಳು ಬಂದಿರಲಿಲ್ಲ. ಎಲ್ಲರೂ ತೋಟದ ಕೂಲಿಯವರಿರುವ ಲೈನ್‌ಮನೆಯವರು, ಆದಿವಾಸಿಗಳ ಹಾಡಿಯವರು. ಇದು ದಕ್ಷಿಣ ಕೊಡಗು, ರೊಬಸ್ಟಾ ಕಾಫಿ ಜಾಸ್ತಿ. ಜನವರಿ, ಫೆಬ್ರವರಿ ಅಂದರೆ ಕಾಫಿ ಕೊಯ್ಲು. ಅಪ್ಪ ಅಮ್ಮ ಬೆಳಿಗ್ಗೆಯೇ ತೋಟಕ್ಕೆ ಹೋದರೆ ಚಿಕ್ಕ ತಮ್ಮನನ್ನು ನೋಡಿಕೊಳ್ಳಲು ಅಕ್ಕ ಮನೆಯಲ್ಲಿ ಉಳಿಯುತ್ತಾಳೆ. ಇದು ನನಗೆ ಗೊತ್ತಿಲ್ಲದ ವಿಷಯವೇ? ನಾನೂ ಇದೇ ಊರಲ್ಲಿ ಹುಟ್ಟಿ ಬೆಳೆದವಳು. ಆದರೂ ಟೆಕ್ಸಾಸ್‌ನವರು ಜನವರಿಯಲ್ಲಿ ಮಾಡುತ್ತಾರೆ ಎಂದು ಕೇಳಿ ನಾನೂ ಜನವರಿ ಎಂದು ಬರೆದುಕೊಂಡಿದ್ದೆ!

ಐದು ಓದಲೇಬೇಕು ಎಂಬ ನಿಯಮವೂ ಎಡವಟ್ಟಾಗಿತ್ತು. ನಿಜವಾಗಿ ಓದಿದ್ದಾರಾ ಎಂದು ನೋಡಲು ನಾನು ಪ್ರಶ್ನೆ ಕೇಳುತ್ತಿದ್ದೆ. ಅದು ಪರೀಕ್ಷೆಯ ಥರವೇ ಆಯಿತು. ಮಕ್ಕಳು ಬೀರುವಿನ ಮುಂದೆ ನಿಂತು "ಮಿಸ್, ಇದರಲ್ಲಿ ಯಾವುದು ಸಣ್ಣದು?" ಎನ್ನುತ್ತಿದ್ದರು. ನಮ್ಮ ಕ್ಲಾಸಿನಲ್ಲಿ ಕೊಡವ ತಕ್ಕ್, ಯರವ ಭಾಷೆ, ಮಲಯಾಳಂ, ತಮಿಳು ಎಲ್ಲ ಇದೆ. ಈಚೆಗೆ ಅಸ್ಸಾಂನಿಂದ ತೋಟಕ್ಕೆ ಬಂದವರ ಮಕ್ಕಳೂ ಇದ್ದಾರೆ. ಅವರಿಗೆ ಕನ್ನಡ ಮನೆಮಾತಲ್ಲ. ಬ್ಲೂಬಾನೆಟ್ ನಿಯಮವನ್ನು ಮತ್ತೆ ಓದಿ ನೋಡಿದೆ. ಮಗು ತಾನೇ ಓದಿರಬೇಕು, ಇಲ್ಲವೇ ಬೇರೆಯವರು ಓದಿದ್ದನ್ನು ಕೇಳಿರಬೇಕು ಎಂದಿದೆ. ಆ "ಇಲ್ಲವೇ" ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಮರುವರ್ಷ ಬದಲಾಯಿಸಿದೆ. ಎಂಟರ ಬದಲು ಆರು ಪುಸ್ತಕ, ಐದರ ಬದಲು ಮೂರು ಸಾಕು, ಕೇಳಿದ್ದೂ ಲೆಕ್ಕಕ್ಕೆ. ಮತದಾನ ಹುತ್ತರಿಗಿಂತ ಮೊದಲು. ಜೂನ್‌ನಿಂದಲೇ ಓದು ಶುರು, ಹೇಗಿದ್ದರೂ ಮಳೆಗಾಲದಲ್ಲಿ ಮೈದಾನಕ್ಕೆ ಬಿಡಲಾಗುವುದಿಲ್ಲ.

ಪ್ರತಿ ಹೊಂದಿಸುವುದೇ ದೊಡ್ಡ ತಲೆನೋವು. ಪಂಚಾಯಿತಿ ಲೈಬ್ರರಿಯಲ್ಲಿ ಎರಡು ಸಿಕ್ಕಿದವು. 2020ರಲ್ಲಿ ಬಂದ "ಓದುವ ಬೆಳಕು" ಕಾರ್ಯಕ್ರಮದಿಂದ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ, ಹಾಗಾಗಿ ಮಕ್ಕಳ ಹೆಸರಲ್ಲೇ ತಂದೆವು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳನ್ನು ದುಡ್ಡಿಲ್ಲದೆ ಇಳಿಸಿ ಪ್ರಿಂಟ್ ಮಾಡಿಕೊಳ್ಳಬಹುದು, ಮುಕ್ತ ಪರವಾನಗಿ ಇದೆ. ಅಲ್ಲಿಂದ ಎರಡು ಪುಸ್ತಕ ಪಟ್ಟಿಗೆ ಸೇರಿಸಿದೆ. ಕಪ್ಪು ಬಿಳುಪಿನ ಪ್ರಿಂಟ್ ಅಷ್ಟು ಚೆಂದ ಕಾಣುವುದಿಲ್ಲ, ಆದರೆ ಬೇಕಾದಷ್ಟು ಪ್ರತಿ. ಒಂದೇ ಪ್ರತಿ ಇದ್ದವನ್ನು ಯಾರಿಗೂ ಮನೆಗೆ ಕೊಡಲಿಲ್ಲ. ಶನಿವಾರ ನಾಲ್ಕು ಮಕ್ಕಳ ಗುಂಪಿಗೆ ಒಂದು ಪುಸ್ತಕ, ಒಬ್ಬರು ಓದುವುದು, ಉಳಿದವರು ಕೇಳುವುದು. ಒಂದು ಗುಂಪಿನಲ್ಲಿ ಹಾಡಿಯ ಹುಡುಗಿಯೊಬ್ಬಳು ಕನ್ನಡದಲ್ಲಿ ಒಂದು ಪುಟ ಓದಿ, ಪಕ್ಕದ ತಂಗಿಗೆ ಅವರ ಮಾತಿನಲ್ಲಿ ಹೇಳುತ್ತಿದ್ದಳು. ನಾನು ಹೇಳಿಕೊಟ್ಟದ್ದಲ್ಲ ಅದು. ಪ್ರಶ್ನೆ ಕೇಳುವುದನ್ನು ಬಿಟ್ಟೆ. ನಾನು ಯಾವುದನ್ನೂ ನಟಿಸಿ ಓದಲಿಲ್ಲ, ಅದು ಮಾತ್ರ ಬಹಳ ಕಷ್ಟವಾಯಿತು.

ಎಣಿಕೆಯೂ ಬೇರೆ ಥರ. ಬೋರ್ಡಿನ ಮೇಲೆ ಪ್ರತಿ ಪುಸ್ತಕಕ್ಕೂ ಎರಡು ಅಂಕಿ: ಎಷ್ಟು ಜನ ಓದಿದರು ಅಥವಾ ಕೇಳಿದರು, ಎಷ್ಟು ಜನ ವೋಟು ಹಾಕಿದರು. ಆರನೇ ಕ್ಲಾಸಿನ ಒಬ್ಬ ಎದ್ದು, "ಮಿಸ್, ಹಾಗಾದರೆ ಹೋದ ವರ್ಷ ಗೆದ್ದದ್ದು ಸುಳ್ಳಾ?" ಎಂದು ಕೇಳಿಯೇ ಬಿಟ್ಟ. ಹೌದಪ್ಪ, ಅರ್ಧ ಸುಳ್ಳು ಎಂದೆ. ಎಲ್ಲರೂ ನಕ್ಕರು. ಎಚ್ಎಂ ಸಾರ್ ನಗಲಿಲ್ಲ. ಹೋದ ವರ್ಷದ ವರದಿ ಮೇಲಿನ ಕಚೇರಿಗೆ ಹೋಗಿಯಾಗಿತ್ತು.

ಈಗ ಬೀರುವಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇನೆ. ಬೇಕಾದ ಪುಸ್ತಕ ಸಿಗದವರು ಅಲ್ಲಿ ಹೆಸರು ಬರೆಯುತ್ತಾರೆ. ಈ ಸಲ ಅನುದಾನ ಬಂದರೆ ಗೆದ್ದ ಪುಸ್ತಕದ್ದಲ್ಲ, ಆ ಹಾಳೆಯಲ್ಲಿ ಉದ್ದ ಸಾಲು ಇರುವ ಪುಸ್ತಕದ್ದೇ ಎರಡನೇ ಪ್ರತಿ ತರುತ್ತೇನೆ. ಸದ್ಯಕ್ಕೆ ಹನ್ನೊಂದು ಹೆಸರಿವೆ, ಅದರಲ್ಲಿ ಒಂದು ಹೆಸರು ಎರಡು ಸಲ.