ನಮ್ಮ ಉದ್ಯೋಗ ಪ್ರಕಟಣೆಗಳ ನಕಲುಗಳನ್ನು ಪತ್ತೆಹಚ್ಚುವ ಕೆಲಸ: ಆರನೆಯ ವಾರದವರೆಗಿನ ಪ್ರಗತಿ

ಮೊದಲ ವಾರ

ಭರ್ತಿಯಾಗಿ ಎರಡು ತಿಂಗಳು ಕಳೆದಿದ್ದ ಹುದ್ದೆಯೊಂದಕ್ಕೆ ಅರ್ಜಿ ಸಲ್ಲಿಸಿ, ಉತ್ತರಕ್ಕಾಗಿ ಮೂರು ವಾರ ಕಾದಿದ್ದ ಅಭ್ಯರ್ಥಿಯೊಬ್ಬರ ಪತ್ರದಿಂದ ಈ ಕೆಲಸ ಆರಂಭವಾಯಿತು. ಅವರ ಅರ್ಜಿ ನಮಗೆ ಬಂದೇ ಇರಲಿಲ್ಲ. ನಾನು ನಿರ್ವಹಿಸುವ ಕಂಪನಿ ಜಾಲತಾಣದ ಪ್ರಕಟಣೆಯನ್ನು ಹೊರಗಿನ ಉದ್ಯೋಗ ತಾಣವೊಂದು ನಮ್ಮನ್ನು ಕೇಳದೆ ಅಕ್ಷರಶಃ ನಕಲು ಮಾಡಿ, ಅದರ ಕೆಳಗೆ ತನ್ನದೇ ಅರ್ಜಿ ನಮೂನೆಯನ್ನಿಟ್ಟು ಸ್ವವಿವರಗಳನ್ನು ಸಂಗ್ರಹಿಸುತ್ತಿತ್ತು. ಇಂತಹ ನಕಲುಗಳು ಯಾವ ದಾರಿಯಿಂದ ಹೊರಹೋಗುತ್ತವೆ ಎಂಬುದನ್ನು ತಿಳಿಯಲು, ಸಂಜೆಯ ಬಿಡುವಿನಲ್ಲಿ ಈ ಯೋಜನೆಯನ್ನು ಕೈಗೆತ್ತಿಕೊಂಡೆ.

ಎರಡನೆಯ ಮತ್ತು ಮೂರನೆಯ ವಾರ

ನಮ್ಮ ಪ್ರಕಟಣೆ ಹೊರಹೋಗಲು ಮೂರು ಬಾಗಿಲುಗಳಿವೆ: ಓದುಗರಿಗೆ ಕಾಣುವ ಪುಟ, ಹುಡುಕಾಟ ಯಂತ್ರಗಳಿಗಾಗಿ ಪುಟದೊಳಗೆ ಸೇರಿಸಿರುವ ಸ್ಕೀಮಾ ಡಾಟ್ ಆರ್ಗ್‌ನ ‘ಜಾಬ್ ಪೋಸ್ಟಿಂಗ್’ ದತ್ತಾಂಶ, ಮತ್ತು ಒಪ್ಪಂದದಂತೆ ಒಂದು ಉದ್ಯೋಗ ತಾಣಕ್ಕೆ ಮಾತ್ರ ಕಳುಹಿಸುವ, ಯಂತ್ರಗಳು ಓದುವ ಪ್ರಕಟಣೆಗಳ ಪಟ್ಟಿಯಾದ ಎಕ್ಸ್‌ಎಂಎಲ್ ಫೀಡ್. ನಕಲು ಯಾವ ಬಾಗಿಲಿನಿಂದ ಹೋದದ್ದೆಂದು ತಿಳಿಯಲು, ಫೀಡ್‌ನ ಕೊನೆಯ ವಾಕ್ಯದ ಪದಕ್ರಮವನ್ನು ಬದಲಿಸಿದೆ, ದತ್ತಾಂಶದ ಗುರುತು ಸಂಖ್ಯೆಗೆ ಒಂದು ಅಕ್ಷರ ಸೇರಿಸಿದೆ, ಪುಟವನ್ನು ಇದ್ದಂತೆಯೇ ಬಿಟ್ಟೆ. ಬಳಿಕ ಪ್ರತಿದಿನ ಬೆಳಿಗ್ಗೆ ಈ ಗುರುತುಗಳನ್ನು ಹುಡುಕಿ, ಸಿಕ್ಕ ನಕಲುಗಳನ್ನು ಕೋಷ್ಟಕಕ್ಕೆ ಸೇರಿಸುವ ಸ್ಕ್ರಿಪ್ಟ್ ಒಂದನ್ನು ಬರೆದೆ.

ಬಾಟ್‌ಗಳು, ಅಂದರೆ ಜಾಲತಾಣಗಳನ್ನು ತಾವಾಗಿಯೇ ಓದುವ ತಂತ್ರಾಂಶಗಳು, ನಮ್ಮ ಪುಟಗಳನ್ನು ತಡಕಿ ಪಠ್ಯ ಎತ್ತಿಕೊಳ್ಳುತ್ತಿವೆ ಎಂದೇ ನಾನು ನಂಬಿದ್ದೆ. ಆದರೆ ಸಿಕ್ಕ ನಕಲುಗಳಲ್ಲಿ ಹೆಚ್ಚಿನವು ಫೀಡ್‌ನ ವಾಕ್ಯವನ್ನೇ ಹೊತ್ತಿದ್ದವು; ಅಂದರೆ ನಾವು ಒಬ್ಬರಿಗೆ ಕೊಟ್ಟದ್ದನ್ನು ಅವರು ತಮ್ಮ ಸಹವರ್ತಿ ತಾಣಗಳಿಗೆ ದಾಟಿಸಿದ್ದರು, ಅಲ್ಲಿಂದ ಅದು ಮತ್ತಷ್ಟು ಕಡೆಗೆ ಹರಡಿತ್ತು. ಒಪ್ಪಂದವನ್ನು ತೆಗೆದು ಓದಿದಾಗ, ಮರುಹಂಚಿಕೆಯ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಮರುಹಂಚಿಕೆಗೆ ಲಿಖಿತ ಅನುಮತಿ ಬೇಕೆಂಬ ಷರತ್ತನ್ನು ಸೇರಿಸುವಂತೆ ಕೇಳಿದ್ದೇವೆ. ಈ ಇಡೀ ಕೆಲಸದಲ್ಲಿ ಅತ್ಯಂತ ಉಪಯುಕ್ತವಾದ ಹೆಜ್ಜೆ ಇದೇ ಎಂದು ನನಗನಿಸುತ್ತದೆ.

ಯಾವ ಪುಟಗಳನ್ನು ಓದಬಾರದೆಂದು ಬಾಟ್‌ಗಳಿಗೆ ತಿಳಿಸುವ ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಕಡತವನ್ನೂ ಬಿಗಿಗೊಳಿಸಿ ನೋಡಿದೆ. 1994ರಲ್ಲಿ ಮಾರ್ಟಿನ್ ಕೋಸ್ಟರ್ ಮುಂದಿಟ್ಟ ಈ ಪದ್ಧತಿ 2022ರಲ್ಲಿ ಆರ್‌ಎಫ್‌ಸಿ 9309 ಎಂಬ ಅಂತರಜಾಲ ಮಾನದಂಡವಾಯಿತು. ಈ ನಿಯಮಗಳು ಪ್ರವೇಶದ ಅಧಿಕಾರವನ್ನು ನಿರ್ಧರಿಸುವಂಥವಲ್ಲ ಎಂದು ಆ ಮಾನದಂಡವೇ ಹೇಳುತ್ತದೆ. ಮಾತು ಕೇಳುವ ಬಾಟ್‌ಗಳಷ್ಟೇ ಹಿಂದೆ ಸರಿಯುವುದರಿಂದ, ನಮಗೆ ಬೇಕಾದ ಹುಡುಕಾಟ ಯಂತ್ರಗಳೇ ದೂರವಾಗುವ ಅಪಾಯವಿತ್ತು. ಆ ಬದಲಾವಣೆಯನ್ನು ಹಿಂತೆಗೆದುಕೊಂಡೆ.

ನಾಲ್ಕನೆಯ ವಾರ

ಕಾನೂನಿನ ಓದು. ಹುದ್ದೆಯ ಹೆಸರು, ಸ್ಥಳ, ಸಂಬಳದಂತಹ ಬರಿಯ ಸಂಗತಿಗಳಿಗೆ ಕೃತಿಸ್ವಾಮ್ಯ ದೊರೆಯುವುದಿಲ್ಲ. ಯುರೋಪಿನಲ್ಲಿ 1996ರ ದತ್ತಸಂಚಯ (ಡೇಟಾಬೇಸ್) ನಿರ್ದೇಶನ, ಸಂಗ್ರಹಿಸಿ ಜೋಡಿಸಿದ ಮಾಹಿತಿಗೆ ಬೇರೆಯದೇ ರಕ್ಷಣೆ ಕೊಡುತ್ತದೆ. ಸಿವಿ-ಆನ್‌ಲೈನ್ ಲಾಟ್ವಿಯಾ ಮತ್ತು ಮೆಲನ್ಸ್ ನಡುವಿನ ಪ್ರಕರಣದಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು 2021ರ ಜೂನ್ 3ರಂದು, ಉದ್ಯೋಗ ತಾಣವೊಂದರ ಸಂಚಯದ ಗಣನೀಯ ಭಾಗವನ್ನು ನಕಲಿಸಿ ಸೂಚಿಗೆ ಸೇರಿಸುವುದನ್ನು, ಅದು ಸಂಚಯಕ್ಕಾಗಿ ತಾಣ ಮಾಡಿದ ಹೂಡಿಕೆಗೆ ಧಕ್ಕೆ ತರುವಂತಿದ್ದರೆ, ತಡೆಯಬಹುದೆಂದು ತೀರ್ಪಿತ್ತಿತು. ಆದರೆ ದತ್ತಾಂಶವನ್ನು ಸೃಷ್ಟಿಸಲು ಮಾಡಿದ ವೆಚ್ಚ ಇಂತಹ ಹೂಡಿಕೆಯಲ್ಲ ಎಂದು ಅದೇ ನ್ಯಾಯಾಲಯ 2004ರಲ್ಲಿ, ಬ್ರಿಟಿಷ್ ಕುದುರೆ ಓಟದ ಮಂಡಳಿಯ ಪ್ರಕರಣದಲ್ಲಿ ಹೇಳಿತ್ತು. ತನ್ನ ಹುದ್ದೆಗಳನ್ನು ತಾನೇ ಪ್ರಕಟಿಸುವ ಕಂಪನಿಯ ವಾದ ಇದರಿಂದ ದುರ್ಬಲವಾಗುತ್ತದೆ ಎಂಬುದು ನನ್ನ ತಿಳಿವಳಿಕೆ. ಹಾಗಾಗಿ ಕಾನೂನಿನ ದಾರಿಯನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ.

ಐದನೆಯ ಮತ್ತು ಆರನೆಯ ವಾರ

ಹುದ್ದೆ ಮುಗಿದ ಮೇಲೂ ನಕಲು ಉಳಿಯುವುದೇ ಅಭ್ಯರ್ಥಿಗಳಿಗೆ ಹೆಚ್ಚು ಹಾನಿ ಮಾಡುತ್ತದೆ, ಮತ್ತು ಇದರಲ್ಲಿ ನಮ್ಮ ತಪ್ಪೂ ಇತ್ತು. ಭರ್ತಿಯಾದ ಹುದ್ದೆಯ ಪುಟದಲ್ಲಿ ‘ಈ ಹುದ್ದೆ ಭರ್ತಿಯಾಗಿದೆ’ ಎಂದು ಬರೆದಿದ್ದರೂ, ನಮ್ಮ ಸರ್ವರ್ ‘ಪುಟ ಇದೆ’ ಎಂದು ಸೂಚಿಸುವ 200 ಎಂಬ ಉತ್ತರವನ್ನೇ ಕೊಡುತ್ತಿದ್ದುದರಿಂದ, ಯಂತ್ರಗಳ ದೃಷ್ಟಿಯಲ್ಲಿ ಆ ಪುಟ ಇನ್ನೂ ಚಾಲ್ತಿಯಲ್ಲಿತ್ತು. ಈಗ ಅದೇ ಸಂದೇಶದೊಂದಿಗೆ ‘ಪುಟ ಇನ್ನಿಲ್ಲ’ ಎಂದು ಸೂಚಿಸುವ 410 ಉತ್ತರ ಹೋಗುತ್ತದೆ, ಪ್ರಕಟಣೆಯ ಅವಧಿ ಮುಗಿಯುವ ‘ವ್ಯಾಲಿಡ್ ಥ್ರೂ’ ದಿನಾಂಕವನ್ನು ಪ್ರತಿ ಪ್ರಕಟಣೆಗೂ ಕಡ್ಡಾಯಗೊಳಿಸಿದ್ದೇನೆ, ಹುದ್ದೆ ಮುಗಿದ ದಿನವೇ ಫೀಡ್‌ನಿಂದಲೂ ಅದು ಹೋಗುತ್ತದೆ. ನಮ್ಮ ಪುಟಕ್ಕೆ ಕೊಂಡಿಯಿದ್ದ ಹಳೆಯ ನಕಲುಗಳು ಬಹುಮಟ್ಟಿಗೆ ಮಾಯವಾಗಿವೆ. ಸ್ವಂತ ನಮೂನೆಯಿಟ್ಟ ತಾಣಗಳು ಜಗ್ಗಲಿಲ್ಲ. ಅವುಗಳಿಗೆ ತೆಗೆದುಹಾಕುವಂತೆ ಪತ್ರ ಬರೆದೆ, ಒಂದರ ಹೊರತು ಉಳಿದವು ತೆಗೆದವು.

ಉತ್ತರಿಸದ ಆ ಒಂದು ತಾಣವೇ ಮೊದಲ ವಾರದ ಅಭ್ಯರ್ಥಿಯ ಸ್ವವಿವರವನ್ನು ಇಟ್ಟುಕೊಂಡಿದೆ. ಅದನ್ನು ಅಳಿಸುವಂತೆ ಅವರೇ ಕೇಳಬೇಕಾಗಿರುವುದರಿಂದ, ಅವರಿಗಾಗಿ ಮನವಿಯ ಕರಡನ್ನು ಸಿದ್ಧಪಡಿಸಿ ನಿನ್ನೆ ಕಳುಹಿಸಿದ್ದೇನೆ.