ಪಾಸು ಪುಸ್ತಕದಲ್ಲಿ ಅಮ್ಮನ ಸಹಿ

ಅಮ್ಮ ತೀರಿಕೊಂಡ ಆಟಿ ತಿಂಗಳು ಮತ್ತೆ ಬಂದಿದೆ. ಮಳೆಗಾಲದ ತೇವಕ್ಕೆ ಕಾಗದಗಳು ಬೂಷ್ಟು ಹಿಡಿಯುವುದರಿಂದ ಅವಳ ತಗಡಿನ ಪೆಟ್ಟಿಗೆಯನ್ನು ನಾನು ಪ್ರತಿ ವರ್ಷ ಈ ದಿನಗಳಲ್ಲಿ ತೆರೆದು ಒರೆಸಿಡುತ್ತೇನೆ. ಅದರಲ್ಲಿ ಚಿನ್ನವಿಲ್ಲ, ಪಟ್ಟೆ ಸೀರೆಯಿಲ್ಲ. ಕಟ್ಟಿದ ಬೀಡಿಯನ್ನು ಕೊಟ್ಟು ಲೆಕ್ಕ ಬರೆಸುವ ಬೀಡಿ ಬ್ರಾಂಚಿನ ಹಳೆಯ ಪಾಸು ಪುಸ್ತಕಗಳಿವೆ. ಮೊದಲ ಕೆಲವು ಪುಸ್ತಕಗಳ ತುಂಬ ಹೆಬ್ಬೆಟ್ಟಿನ ನೀಲಿ ಗುರುತುಗಳು. ಆಮೇಲಿನವುಗಳಲ್ಲಿ ಸಹಿ.

ಬಂಟ್ವಾಳ ತಾಲೂಕಿನ ನಮ್ಮ ಊರಿನಲ್ಲಿ ಆಗ ಬೀಡಿ ಕಟ್ಟದ ಮನೆಗಳು ಕಡಿಮೆ. ಹಿಂದಿನ ರಾತ್ರಿಯೇ ನೀರು ಚಿಮುಕಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆಗಳನ್ನು ಅಮ್ಮ ಬೆಳಗ್ಗೆ ತಗಡಿನ ಅಳತೆ ಇಟ್ಟು ಕತ್ತರಿಸುತ್ತಿದ್ದಳು. ಬಳಿಕ ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟುಕೊಂಡು, ಎಲೆಯ ಮೇಲೆ ಚಿಟಿಕೆ ಹೊಗೆಸೊಪ್ಪಿನ ಹುಡಿ ಉದುರಿಸಿ, ಎರಡು ಹೆಬ್ಬೆರಳುಗಳ ನಡುವೆ ಸುರುಟಿ, ನೂಲು ಸುತ್ತಿ, ಬೀಡಿಯ ಬಾಯನ್ನು ಸಣ್ಣ ಕಬ್ಬಿಣದ ಕಡ್ಡಿಯಿಂದ ಮಡಚಿ ಮುಚ್ಚುವಷ್ಟರಲ್ಲಿ ಅವಳ ಕಣ್ಣು ಒಲೆಯ ಮೇಲಿನ ಗಂಜಿಯ ಕಡೆಗೂ ಹೋಗಿ ಬಂದಿರುತ್ತಿತ್ತು. 25 ಬೀಡಿಗೆ ಒಂದು ಕಟ್ಟು. ಮಳೆ ಬರಲಿ, ಜ್ವರ ಬರಲಿ, ದಿನಕ್ಕೆ 32 ಕಟ್ಟು ಮುಗಿಯಲೇಬೇಕೆಂದು ಅವಳ ಹಟ. ರಾತ್ರಿ ಅವಳ ಪಕ್ಕದಲ್ಲಿ ಮಲಗಿದರೆ ಸೆರಗಿನಿಂದ ಬರುತ್ತಿದ್ದ ಆ ಖಾರದ ವಾಸನೆಯನ್ನೇ ನಾನು ಬಹಳ ಕಾಲ ಅಮ್ಮಂದಿರ ವಾಸನೆಯೆಂದು ತಿಳಿದಿದ್ದೆ.

1990ರ ಸುಮಾರಿಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆದಾಗ ನಮ್ಮೂರಿನ ಶಾಲೆಯಲ್ಲಿಯೂ ರಾತ್ರಿ ತರಗತಿ ಆರಂಭವಾಯಿತು. ಅಮ್ಮನ ಕಷ್ಟ ಅಕ್ಷರದ್ದಷ್ಟೇ ಆಗಿರಲಿಲ್ಲ. ಮನೆಯಲ್ಲಿ ನಮ್ಮದು ತುಳು. ಅವಳು ಕನ್ನಡವನ್ನು ಕೇಳಿ ಬಲ್ಲಳೇ ಹೊರತು ಆಡಿ ಬಲ್ಲವಳಲ್ಲ. ಹೀಗಾಗಿ ಒಂದೊಂದು ಪದವನ್ನೂ ಓದಿ ಮುಗಿಸಿದ ಮೇಲೆ ಅದರ ಅರ್ಥವನ್ನು ಮೂರನೇ ತರಗತಿಯ ನನ್ನನ್ನು ಕೇಳುತ್ತಿದ್ದಳು. ಒಂದು ರಾತ್ರಿ ಸ್ಲೇಟಿನಲ್ಲಿ 'ಅಪ್ಪ' ಎಂದು ಬರೆದು, ಅದಕ್ಕೊಂದು ಎತ್ವ ಸೇರಿಸಿ, ಬರೆದದ್ದನ್ನು ತಾನೇ ಓದಿ ನಕ್ಕಳು. ತುಳುವಿನಲ್ಲಿ 'ಅಪ್ಪೆ' ಎಂದರೆ ಅಮ್ಮ. ಎತ್ವ ಎಲ್ಲಿಗೆ ಬರುತ್ತದೆ ಎಂಬ ಅನುಮಾನ ಅವಳಿಗೆ ಆಮೇಲೆ ಎಂದೂ ಬರಲಿಲ್ಲ. ಅವಳನ್ನು ಕೊನೆಯವರೆಗೂ ಸತಾಯಿಸಿದ್ದು ಒತ್ತಕ್ಷರ. ಅವಳ ಹೆಸರಿನ ಕೊನೆಯಲ್ಲಿ ಬರುವ ಒತ್ತು ಯಾವಾಗಲೂ ಗೆರೆಯಿಂದ ಜಾರಿ, ಕೆಳಗಿನ ಸಾಲಿನಲ್ಲಿ ಒಂಟಿಯಾಗಿ ಕುಳಿತಿರುತ್ತಿತ್ತು.

ಅಂಕಿಗಳನ್ನು ಮಾತ್ರ ಅವಳು ಒಂದೇ ವಾರದಲ್ಲಿ ಕಲಿತಳು. ಏಕೆ ಎಂಬುದು ನನಗೆ ತಿಳಿದದ್ದು ಒಂದು ಶನಿವಾರ ಅವಳ ಜೊತೆ ಬ್ರಾಂಚಿಗೆ ಹೋದಾಗ. ಪಾಸು ಪುಸ್ತಕ ಕೈಗೆ ಬಂದೊಡನೆ ಅವಳು ಪಕ್ಕಕ್ಕೆ ಸರಿದು ಬೆರಳಿಟ್ಟು ಓದಿದಳು. ಕೊಟ್ಟದ್ದು 800 ಬೀಡಿ, ಬರೆದದ್ದು 750. ಹಾಳು ಬೀಡಿಗಳನ್ನು ಕಳೆದಿದ್ದೇವೆ ಎಂದು ಉತ್ತರ ಬಂತು. "ಹಾಳಾಗಿದ್ದರೆ ಆ ಎರಡು ಕಟ್ಟು ನನಗೆ ವಾಪಸು ಕೊಡಿ, ನೋಡುತ್ತೇನೆ" ಎಂದು ಅಮ್ಮ ತುಳುವಿನಲ್ಲಿ ಹೇಳಿ ಸಹಿ ಹಾಕದೆ ನಿಂತಳು. ಹಿಂದೆ ಸಾಲಿನಲ್ಲಿದ್ದ ಹೆಂಗಸರು ಬೇಸರದಿಂದ ಗೊಣಗಿದರು. ನನಗೆ ನಾಚಿಕೆಯಾಗಿ ಅವಳ ಸೆರಗು ಎಳೆದೆ. ಸ್ವಲ್ಪ ಹೊತ್ತಿನ ಬಳಿಕ ಅಂಕಿಗೆ ಗೀಟು ಎಳೆದು 800 ಎಂದು ತಿದ್ದಲಾಯಿತು. ಆ ಗೀಟು ಇಂದಿಗೂ ಪುಸ್ತಕದಲ್ಲಿದೆ. ತಿರಸ್ಕರಿಸಿದ ಬೀಡಿಯ ಬಗೆಗಿನ ತಕರಾರನ್ನು ಇತ್ಯರ್ಥಪಡಿಸಲು 1966ರ ಬೀಡಿ ಕಾರ್ಮಿಕರ ಕಾಯ್ದೆಯಲ್ಲಿಯೇ ಅವಕಾಶವಿತ್ತು ಎಂಬುದನ್ನು ನಾನು ಎಷ್ಟೋ ವರ್ಷಗಳ ಅನಂತರ ಓದಿದೆ. ಅಮ್ಮನಿಗೆ ಅದರ ಸುಳಿವೂ ಇರಲಿಲ್ಲ.

ಆ ಮೇಲೆ ಅವಳು ಓದದೆ ಯಾವುದಕ್ಕೂ ಸಹಿ ಹಾಕಿದವಳಲ್ಲ. ಇದು ಕೆಲವೊಮ್ಮೆ ಅತಿಯೂ ಆಗುತ್ತಿತ್ತೆನ್ನಬೇಕು. ರಿಜಿಸ್ಟರ್ಡ್ ಅಂಚೆ ತಂದವರು ಜಗಲಿಯಲ್ಲಿ ಕುಳಿತು ಮಜ್ಜಿಗೆ ಕುಡಿದು ಮುಗಿಸಿದರೂ ಇವಳ ಓದು ಮುಗಿಯುತ್ತಿರಲಿಲ್ಲ. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ವಿದ್ಯಾರ್ಥಿವೇತನಕ್ಕೆ ನಾನು ಅರ್ಜಿ ಹಾಕುವಾಗ, ಕೊನೆಯ ದಿನ ಹತ್ತಿರವಾಗಿದ್ದರೂ, ಪೂರ್ತಿ ಅರ್ಜಿಯನ್ನು ಗಟ್ಟಿಯಾಗಿ ಓದಿಸಿ ಕೇಳಿದ ಮೇಲೆಯೇ ಪೆನ್ನು ಹಿಡಿದಳು.

ಇಂದು ನಾನು ಸಹಕಾರಿ ಬ್ಯಾಂಕೊಂದರ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಲು ಬರುವ ಹಿರಿಯರಿಗೆ ಬಡ್ಡಿ ಎಷ್ಟು, ಜಾಮೀನು ಯಾರದು, ಕಂತು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಅವರ ಮಾತಿನಲ್ಲಿಯೇ ಓದಿ ಹೇಳದೆ ಶಾಯಿಯ ಡಬ್ಬಿಯನ್ನು ಮುಂದಿಡಲು ನನಗೆ ಸಾಧ್ಯವಾಗುವುದಿಲ್ಲ. ಸಾಲು ಬೆಳೆಯುತ್ತದೆ, ಮ್ಯಾನೇಜರರು ಗಡಿಯಾರ ನೋಡುತ್ತಾರೆ. ಸಾಲಿನಲ್ಲಿ ಯಾರಾದರೂ ಗೊಣಗಿದರೆ ನನಗೆ ಆ ಶನಿವಾರ ನಾನೇ ಎಳೆದ ಸೆರಗು ನೆನಪಾಗುತ್ತದೆ.

ಅವಳ ಕೊನೆಯ ಸಹಿ ಆಸ್ಪತ್ರೆಯ ಒಪ್ಪಿಗೆ ಪತ್ರದ ಮೇಲಿದೆ. ಮಗನೇ ಹಾಕಿದರೆ ಸಾಕೆಂದು ದಾದಿ ಹೇಳಿದರೂ ಅಮ್ಮ ಕನ್ನಡಕ ಕೇಳಿ ಪಡೆದಳು. ಉಸಿರು ಸಾಲದೆ ಪ್ರತಿ ಸಾಲಿಗೂ ನಿಲ್ಲುತ್ತ, ಬೆರಳಿಟ್ಟು ಓದುತ್ತ ಬಂದು 'ಅರಿವಳಿಕೆ' ಎಂಬಲ್ಲಿ ತಡೆದು ನನ್ನ ಮುಖ ನೋಡಿದಳು. ನಾನು ತುಳುವಿನಲ್ಲಿ ಅರ್ಥ ಹೇಳಿದೆ. ತಲೆಯಾಡಿಸಿ, ಉಳಿದ ಎರಡು ಸಾಲನ್ನೂ ಓದಿ, ಸಹಿ ಹಾಕಿದಳು. ಒತ್ತು ಗೆರೆಯಿಂದ ಕೆಳಗೆ ಜಾರಿತ್ತು.