ಪೆನ್ಸಿಲಿನ ಅಕ್ಷರಗಳು

ಬೇರೆ ದೇಶದಿಂದ ಬಂದು ಪಕ್ಕದ ಮನೆಯಲ್ಲಿ ನೆಲೆಸಿರುವ ಮಹಿಳೆ ಇಂದು ಬೆಳಿಗ್ಗೆ ಮಗನ ಶಾಲೆಯ ಅರ್ಜಿಯೊಂದನ್ನು ಹಿಡಿದು ಬಾಗಿಲು ತಟ್ಟಿದರು. ಅರ್ಜಿಯ ಪ್ರತಿಯೊಂದು ಪದದ ಮೇಲೂ ತಮ್ಮ ಲಿಪಿಯಲ್ಲಿ, ಪೆನ್ಸಿಲಿನಿಂದ, ಇರುವೆ ಸಾಲಿನಷ್ಟು ಸಣ್ಣದಾಗಿ ಅರ್ಥ ಬರೆದುಕೊಂಡಿದ್ದರು. ‘ಅನ್ವಯಿಸುವುದಿಲ್ಲ’ ಎಂಬ ಒಂದು ಪದದ ಮೇಲೆ ಮಾತ್ರ ಪ್ರಶ್ನಾರ್ಥಕ ಚಿಹ್ನೆಯಿತ್ತು. ಅದನ್ನು ವಿವರಿಸಲು ನನಗೆ ಹತ್ತು ನಿಮಿಷ ಹಿಡಿಯಿತು. (ನಾನು ಹುಟ್ಟಿದಾಗಿನಿಂದ ಆಡುತ್ತಿರುವ ಭಾಷೆಯಾದರೂ!)

ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ತಾಯ್ನಾಡಿನ ಹೊರಗೆ ಬದುಕುತ್ತಿದ್ದವರು ಸುಮಾರು 30 ಕೋಟಿ 40 ಲಕ್ಷ ಜನ. ಅಷ್ಟು ದೊಡ್ಡ ಸಂಖ್ಯೆ ನನ್ನ ಕಲ್ಪನೆಗೆ ನಿಲುಕುವುದಿಲ್ಲ. ಆ ಪೆನ್ಸಿಲಿನ ಗೀಟು ನಿಲುಕುತ್ತದೆ. ವೀಸಾ, ವಾಸದ ಪರವಾನಗಿಗಳನ್ನು ಸರ್ಕಾರ ಕೊಡುತ್ತದೆ. ಕಸದ ಗಾಡಿ ಯಾವ ದಿನ ಬರುತ್ತದೆ, ರಾತ್ರಿ ಮಗುವಿಗೆ ಜ್ವರ ಬಂದರೆ ಯಾರನ್ನು ಕರೆಯಬೇಕು ಎಂಬುದನ್ನು ನೆರೆಯವರೇ ಹೇಳಬೇಕು. ಈ ಮಹಿಳೆ ಬಂದದ್ದರಿಂದ ನನಗೂ ಲಾಭವಾಗಿದೆ: ನಾಲ್ಕು ವರ್ಷಗಳಿಂದ ಮಾತುಕತೆಯೇ ಇರದ ಎದುರುಮನೆಯವರೊಂದಿಗೆ, ಈ ಹುಡುಗನಿಗೊಂದು ಹಳೆಯ ಸೈಕಲ್ ಹುಡುಕುವ ನೆಪದಲ್ಲಿ, ಮಾತು ಆರಂಭವಾಗಿದೆ.

ಹೊರಡುವ ಮುನ್ನ ಅವರು ಆ ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸಿ ಅಲ್ಲಿ ಏನನ್ನೋ ಬರೆದುಕೊಂಡರು. ಏನೆಂದು ಕೇಳಲು ಮರೆತೆ.